ರಕ್ಷಣಾ ಖರೀದಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಸಣ್ಣ ಉದ್ಯಮಗಳು

ರಕ್ಷಣಾ ಖರೀದಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಸಣ್ಣ ಉದ್ಯಮಗಳ ಪಾಲ್ಗೊಳ್ಳುವಿಕೆ ಎಂಬುದು ಭಾರತದ ಸಾರ್ವಜನಿಕ ಖರೀದಿ ನೀತಿಗೆ ಸೇರಿದ ವಿಷಯ. ಸೇನಾಪಡೆಗಳಿಗೆ, ರಕ್ಷಣಾ ಸಚಿವಾಲಯಕ್ಕೆ ಮತ್ತು ರಕ್ಷಣಾ ವಲಯದ ಸಾರ್ವಜನಿಕ ಉದ್ದಿಮೆಗಳಿಗೆ ಬೇಕಾಗುವ ಸರಕು ಹಾಗೂ ಸೇವೆಗಳನ್ನು ಒದಗಿಸುವ ಅವಕಾಶ ಹಿಂದುಳಿದ ಸಮುದಾಯಗಳ ಸಣ್ಣ ಉದ್ಯಮಿಗಳಿಗೂ ಸಿಗಬೇಕೆಂಬುದು ಇದರ ಉದ್ದೇಶ. ಇದಕ್ಕೆ ಮುಖ್ಯ ಆಧಾರವಾಗಿರುವುದು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾರ್ವಜನಿಕ ಖರೀದಿ ನೀತಿ ಆದೇಶ, 2012. ಈ ಆದೇಶದಂತೆ ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಅದರೊಳಗೆ ಶೇ. 4ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡಗಳವರ ಒಡೆತನದ ಉದ್ಯಮಗಳಿಗೂ, ಶೇ. 3ರಷ್ಟು ಮಹಿಳೆಯರ ಒಡೆತನದ ಉದ್ಯಮಗಳಿಗೂ ಮೀಸಲು.

ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್), ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಮತ್ತು ಬಿಇಎಂಎಲ್ ಸಂಸ್ಥೆಗಳ ಪ್ರಧಾನ ಕಚೇರಿಗಳು ಬೆಂಗಳೂರಿನಲ್ಲಿರುವುದರಿಂದ ಕರ್ನಾಟಕದ ಮಟ್ಟಿಗೆ ಈ ನೀತಿಗೆ ವಿಶೇಷ ಮಹತ್ವವಿದೆ. ಆದರೆ ರಾಜ್ಯದ ಈಶಾನ್ಯ ತುದಿಯ ಬೀದರ್ ಜಿಲ್ಲೆಯಂತಹ ಪ್ರದೇಶಗಳಿಗೆ ಈ ಅವಕಾಶ ಎಷ್ಟರ ಮಟ್ಟಿಗೆ ತಲುಪುತ್ತದೆ ಎಂಬುದು ಬೇರೆಯೇ ಪ್ರಶ್ನೆ.

== ಹಿನ್ನೆಲೆ ==

ಸರ್ಕಾರಿ ಖರೀದಿಯಲ್ಲಿ ಸಣ್ಣ ಕೈಗಾರಿಕೆಗಳಿಗೆ ಆದ್ಯತೆ ನೀಡುವ ಪದ್ಧತಿ ಭಾರತದಲ್ಲಿ ಹಳೆಯದು. 1955ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮವು (ಎನ್‌ಎಸ್‌ಐಸಿ) ಸಣ್ಣ ಘಟಕಗಳನ್ನು ನೋಂದಾಯಿಸಿಕೊಂಡು ಸರ್ಕಾರಿ ಟೆಂಡರ್‌ಗಳಲ್ಲಿ ಭಾಗವಹಿಸಲು ನೆರವಾಗುತ್ತಿತ್ತು. ಕೆಲವು ವಸ್ತುಗಳನ್ನು ಸಣ್ಣ ಘಟಕಗಳಿಂದಲೇ ಕೊಳ್ಳಬೇಕೆಂಬ ಪಟ್ಟಿಯೂ ಇತ್ತು. ಆದರೆ ಆ ವ್ಯವಸ್ಥೆಯಲ್ಲಿ ಉದ್ಯಮದ ಗಾತ್ರ ಮಾತ್ರ ಪರಿಗಣನೆಗೆ ಬರುತ್ತಿತ್ತು. ಉದ್ಯಮಿಯ ಸಾಮಾಜಿಕ ಹಿನ್ನೆಲೆ ಬರುತ್ತಿರಲಿಲ್ಲ.

ಸಾಮಾಜಿಕ ಹಿನ್ನೆಲೆಯನ್ನೂ ಗಣಿಸಬೇಕೆಂಬ ಬೇಡಿಕೆ ಸ್ಪಷ್ಟ ರೂಪ ಪಡೆದದ್ದು 2002ರ ಜನವರಿಯಲ್ಲಿ ಭೋಪಾಲ್‌ನಲ್ಲಿ ನಡೆದ ದಲಿತ ಚಿಂತಕರ ಸಮ್ಮೇಳನದಲ್ಲಿ. ಸರ್ಕಾರಿ ಉದ್ಯೋಗಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಸರ್ಕಾರದ ಖರೀದಿಯಲ್ಲಿಯೂ ಪಾಲು ಬೇಕೆಂದು ಅಲ್ಲಿ ಹೊರಬಂದ ಭೋಪಾಲ್ ಘೋಷಣೆ ವಾದಿಸಿತು. ಅಮೆರಿಕದಲ್ಲಿ ಕಪ್ಪು ಜನರ ಉದ್ಯಮಗಳಿಗೆ ದೊರೆತಿದ್ದ ಸರಬರಾಜು ಅವಕಾಶಗಳು ಈ ವಾದಕ್ಕೆ ಮಾದರಿಯಾಗಿದ್ದವು. ದಿಗ್ವಿಜಯ್ ಸಿಂಗ್ ನೇತೃತ್ವದ ಮಧ್ಯಪ್ರದೇಶ ಸರ್ಕಾರವು ಸರ್ಕಾರಿ ಖರೀದಿಯ ಶೇ. 30ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸರಬರಾಜುದಾರರಿಂದ ಪಡೆಯುವ ನೀತಿಯನ್ನು ಪ್ರಕಟಿಸಿತು. 2005ರಲ್ಲಿ ಮಿಲಿಂದ್ ಕಾಂಬಳೆ ಅವರು ಪುಣೆಯಲ್ಲಿ ದಲಿತ ಭಾರತೀಯ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯನ್ನು ಸ್ಥಾಪಿಸಿದ ನಂತರ ಈ ಬೇಡಿಕೆಗೆ ಉದ್ಯಮಿಗಳದೇ ಸಂಘಟನೆಯೊಂದು ದೊರೆಯಿತು.

ಈ ಬೇಡಿಕೆಯ ಹಿಂದಿನ ವಾಸ್ತವವನ್ನು ಅಂಕಿಅಂಶಗಳು ತೋರಿಸುತ್ತವೆ. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇ. 16.6, ಪರಿಶಿಷ್ಟ ಪಂಗಡಗಳ ಪಾಲು ಶೇ. 8.6. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2015-16ರ 73ನೆಯ ಸುತ್ತಿನ ಪ್ರಕಾರ ಸೂಕ್ಷ್ಮ ಉದ್ಯಮಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನ ಶೇ. 12.48ರಷ್ಟಿದ್ದರೆ, ಸಣ್ಣ ಉದ್ಯಮಗಳಲ್ಲಿ ಅದು ಶೇ. 5.50ಕ್ಕೆ ಇಳಿಯುತ್ತದೆ. ಪರಿಶಿಷ್ಟ ಪಂಗಡದವರ ಒಡೆತನ ಇದೇ ಕ್ರಮದಲ್ಲಿ ಶೇ. 4.11ರಿಂದ ಶೇ. 1.65ಕ್ಕೆ ಕುಸಿಯುತ್ತದೆ. ಉದ್ಯಮ ದೊಡ್ಡದಾದಂತೆಲ್ಲ ಈ ಸಮುದಾಯಗಳ ಪಾಲು ಕಡಿಮೆಯಾಗುತ್ತದೆ ಎಂಬುದು ಇದರ ಅರ್ಥ. ಯಂತ್ರೋಪಕರಣ, ಪರೀಕ್ಷಾ ಸೌಲಭ್ಯ ಮತ್ತು ದೀರ್ಘಕಾಲದ ಬಂಡವಾಳ ಬೇಡುವ ರಕ್ಷಣಾ ಸರಬರಾಜಿನಲ್ಲಿ ಈ ಅಂತರ ಮತ್ತಷ್ಟು ಎದ್ದು ಕಾಣುತ್ತದೆ.

== ಖರೀದಿ ನೀತಿ ಆದೇಶ, 2012 ==

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ 11ನೆಯ ಪ್ರಕರಣದಡಿ ಈ ಆದೇಶವನ್ನು 2012ರ ಮಾರ್ಚ್ 23ರಂದು ಅಧಿಸೂಚಿಸಲಾಯಿತು. ಅದು 2012ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರಂಭದಲ್ಲಿ ಒಟ್ಟು ಗುರಿ ಶೇ. 20 ಆಗಿತ್ತು, ಮೊದಲ ಮೂರು ವರ್ಷಗಳ ನಂತರ, ಅಂದರೆ 2015ರ ಏಪ್ರಿಲ್ 1ರಿಂದ, ಇದು ಕಡ್ಡಾಯವಾಯಿತು. ಈ ಶೇ. 20ರಲ್ಲಿ ಐದನೆಯ ಒಂದು ಭಾಗ, ಎಂದರೆ ಒಟ್ಟು ಖರೀದಿಯ ಶೇ. 4, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉದ್ಯಮಗಳಿಗೆ ನಿಗದಿಯಾಯಿತು. 2018ರ ನವೆಂಬರ್‌ನ ತಿದ್ದುಪಡಿಯು ಒಟ್ಟು ಗುರಿಯನ್ನು ಶೇ. 25ಕ್ಕೆ ಏರಿಸಿ, ಮಹಿಳಾ ಉದ್ಯಮಿಗಳಿಗಾಗಿ ಶೇ. 3ರ ಉಪಗುರಿಯನ್ನು ಸೇರಿಸಿತು. ಪರಿಶಿಷ್ಟರ ಉಪಗುರಿ ಶೇ. 4ರಲ್ಲಿಯೇ ಉಳಿಯಿತು.

=== ಅರ್ಹತೆ ===

ಒಬ್ಬರೇ ಮಾಲೀಕರಿರುವ ಉದ್ಯಮದಲ್ಲಿ ಆ ಮಾಲೀಕರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬೇಕು. ಪಾಲುದಾರಿಕೆ ಸಂಸ್ಥೆಯಲ್ಲಿ ಕನಿಷ್ಠ ಶೇ. 51ರಷ್ಟು ಪಾಲು ಈ ಸಮುದಾಯಗಳವರದಾಗಿರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕನಿಷ್ಠ ಶೇ. 51ರಷ್ಟು ಷೇರುಗಳನ್ನು ಈ ಸಮುದಾಯಗಳ ಪ್ರವರ್ತಕರು ಹೊಂದಿರಬೇಕು.

ಉದ್ಯಮವು ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರುವುದು ಅಗತ್ಯ. 2020ರ ಜುಲೈ 1ರಂದು ಆರಂಭವಾದ ಈ ನೋಂದಣಿಗೆ ಶುಲ್ಕವಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಯಂತೆ 2.5 ಕೋಟಿ ರೂಪಾಯಿವರೆಗಿನ ಹೂಡಿಕೆ ಮತ್ತು 10 ಕೋಟಿ ರೂಪಾಯಿವರೆಗಿನ ವಹಿವಾಟು ಇರುವ ಘಟಕವು ಸೂಕ್ಷ್ಮ ಉದ್ಯಮ. 25 ಕೋಟಿವರೆಗಿನ ಹೂಡಿಕೆ ಮತ್ತು 100 ಕೋಟಿವರೆಗಿನ ವಹಿವಾಟು ಇರುವುದು ಸಣ್ಣ ಉದ್ಯಮ. ಮಧ್ಯಮ ಉದ್ಯಮಗಳು ಈ ಖರೀದಿ ನೀತಿಯ ವ್ಯಾಪ್ತಿಗೆ ಬರುವುದಿಲ್ಲ. ಸ್ವತಃ ಸರಕು ತಯಾರಿಸುವ ಅಥವಾ ಸೇವೆ ಒದಗಿಸುವ ಉದ್ಯಮಗಳಿಗೆ ಮಾತ್ರ ನೀತಿ ಅನ್ವಯವಾಗುತ್ತದೆ. ಬೇರೆಯವರು ತಯಾರಿಸಿದ್ದನ್ನು ಕೊಂಡು ಮಾರುವ ವ್ಯಾಪಾರಿಗಳಿಗೆ ಇದರ ಪ್ರಯೋಜನವಿಲ್ಲ.

=== ಸೌಲಭ್ಯಗಳು ===

ನೀತಿಯಡಿ ದೊರೆಯುವ ಮುಖ್ಯ ಸೌಲಭ್ಯಗಳು ಹೀಗಿವೆ:

* ಟೆಂಡರ್ ದಾಖಲೆಗಳನ್ನು ಉಚಿತವಾಗಿ ಪಡೆಯಬಹುದು.
* ಟೆಂಡರ್ ಜೊತೆಗೆ ಕಟ್ಟಬೇಕಾದ ಮುಂಗಡ ಠೇವಣಿಯಿಂದ (ಇಎಂಡಿ) ವಿನಾಯಿತಿ ಇದೆ. ಸಾಮಾನ್ಯವಾಗಿ ಈ ಠೇವಣಿ ಅಂದಾಜು ಮೌಲ್ಯದ ಶೇ. 2ರಿಂದ ಶೇ. 5ರಷ್ಟಿರುತ್ತದೆ. ಆದರೆ ಗುತ್ತಿಗೆ ದೊರೆತ ಮೇಲೆ ನೀಡಬೇಕಾದ ಕಾರ್ಯನಿರ್ವಹಣಾ ಭದ್ರತೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.
* 358 ವಸ್ತುಗಳನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕೆಂಬ ಮೀಸಲು ಪಟ್ಟಿ ಇದೆ.
* ಗುಣಮಟ್ಟ ಮತ್ತು ತಾಂತ್ರಿಕ ಅಗತ್ಯಗಳನ್ನು ಪೂರೈಸುವುದಾದರೆ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತುಗಳನ್ನು ಖರೀದಿದಾರರು ಸಡಿಲಿಸಬಹುದು.
* ದರದಲ್ಲಿ ಶೇ. 15ರ ಅಂತರದವರೆಗೆ ಆದ್ಯತೆ ಇದೆ.

ಕೊನೆಯ ಸೌಲಭ್ಯವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಬಿಡಿಭಾಗಕ್ಕೆ ಕರೆದ ಟೆಂಡರ್‌ನಲ್ಲಿ ದೊಡ್ಡ ಕಂಪನಿಯೊಂದು 100 ರೂಪಾಯಿಯ ಅತಿ ಕಡಿಮೆ ದರವನ್ನು ನಮೂದಿಸಿದೆ, ಸಣ್ಣ ಘಟಕವೊಂದು 112 ರೂಪಾಯಿ ನಮೂದಿಸಿದೆ ಎಂದು ಭಾವಿಸೋಣ. ಸಣ್ಣ ಘಟಕದ ದರವು 115 ರೂಪಾಯಿಯ ಒಳಗಿರುವುದರಿಂದ, ಅದು 100 ರೂಪಾಯಿಗೇ ಒದಗಿಸಲು ಒಪ್ಪಿದರೆ, ಒಟ್ಟು ಪ್ರಮಾಣದ ಕನಿಷ್ಠ ಶೇ. 25ರಷ್ಟು ಭಾಗ ಅದಕ್ಕೆ ಸಿಗುತ್ತದೆ. ಅಂತಹ ಘಟಕಗಳು ಹಲವಿದ್ದರೆ ಆ ಭಾಗವನ್ನು ಹಂಚಲಾಗುತ್ತದೆ. ಇಲ್ಲಿ ಸರ್ಕಾರವು ಹೆಚ್ಚಿನ ಬೆಲೆ ತೆರುವುದಿಲ್ಲ. ದರ ಇಳಿಸುವ ಹೊರೆ ಸಣ್ಣ ಘಟಕದ ಮೇಲೆಯೇ ಬೀಳುತ್ತದೆ. ಕಚ್ಚಾ ಸಾಮಗ್ರಿಯನ್ನು ಚಿಲ್ಲರೆಯಾಗಿ ಕೊಳ್ಳುವ ಘಟಕಕ್ಕೆ ಆ 12 ರೂಪಾಯಿಯನ್ನು ಬಿಟ್ಟುಕೊಡುವುದು ಸುಲಭವಲ್ಲ.

== ರಕ್ಷಣಾ ಖರೀದಿಗೆ ಇರುವ ವಿಶೇಷ ನಿಯಮ ==

ಈ ಆದೇಶದಲ್ಲಿ ರಕ್ಷಣಾ ಖರೀದಿಗೆ ಪ್ರತ್ಯೇಕ ಕಲಮು ಇದೆ. ಅದರಂತೆ ರಕ್ಷಣಾ ಸಚಿವಾಲಯದ ಗುರಿಯನ್ನು ಲೆಕ್ಕ ಹಾಕುವಾಗ ಆಮದು ಮಾಡಿಕೊಂಡ ಯುದ್ಧಾಸ್ತ್ರಗಳ ಮೌಲ್ಯವನ್ನು ಸೇರಿಸುವಂತಿಲ್ಲ. ಶಸ್ತ್ರಾಸ್ತ್ರ ವ್ಯವಸ್ಥೆಗಳು, ಕ್ಷಿಪಣಿಗಳು ಮೊದಲಾದವು ಮೀಸಲು ನೀತಿಯ ವ್ಯಾಪ್ತಿಯಿಂದ ಹೊರಗಿವೆ. ಹೀಗಾಗಿ 'ರಕ್ಷಣಾ ಬಜೆಟ್ಟಿನ ಶೇ. 4' ಎಂದು ಈ ಉಪಗುರಿಯನ್ನು ಅರ್ಥೈಸುವುದು ತಪ್ಪಾಗುತ್ತದೆ.

ಹಾಗಿದ್ದರೂ ಉಳಿಯುವ ಕ್ಷೇತ್ರ ಚಿಕ್ಕದಲ್ಲ. ಸಮವಸ್ತ್ರ, ಪಾದರಕ್ಷೆ, ಡೇರೆ, ಪೀಠೋಪಕರಣ, ಪ್ಯಾಕಿಂಗ್ ಪೆಟ್ಟಿಗೆ, ತಂತಿ, ಬೋಲ್ಟು, ರಬ್ಬರ್ ಸಾಮಗ್ರಿ, ಲೇತ್ ಯಂತ್ರದಲ್ಲಿ ಕಡೆದ ಬಿಡಿಭಾಗಗಳು, ತಗಡಿನ ಕೆಲಸ, ಶುಚಿತ್ವ ಮತ್ತು ಸಾರಿಗೆಯಂತಹ ಸೇವೆಗಳು ಇದರಲ್ಲಿ ಬರುತ್ತವೆ. ಸೇನಾಪಡೆಗಳ ದಿನನಿತ್ಯದ ಅಗತ್ಯಗಳ ಖರೀದಿಯು ರಕ್ಷಣಾ ಖರೀದಿ ಕೈಪಿಡಿಯಂತೆ ನಡೆಯುತ್ತದೆ. 2009ರ ಕೈಪಿಡಿಯ ಸ್ಥಾನದಲ್ಲಿ 2025ರ ನವೆಂಬರ್ 1ರಿಂದ ಹೊಸ ಕೈಪಿಡಿ ಜಾರಿಗೆ ಬಂದಿದೆ. ವಿಮಾನ, ಟ್ಯಾಂಕ್, ರೇಡಾರ್‌ಗಳಂತಹ ದೊಡ್ಡ ಖರೀದಿಗಳಿಗೆ ರಕ್ಷಣಾ ಸ್ವಾಧೀನ ಪ್ರಕ್ರಿಯೆ, 2020 ಎಂಬ ಬೇರೆಯೇ ನಿಯಮಾವಳಿ ಇದೆ.

ದೊಡ್ಡ ಖರೀದಿಗಳಲ್ಲಿ ಸಣ್ಣ ಉದ್ಯಮವು ಸಾಮಾನ್ಯವಾಗಿ ನೇರ ಗುತ್ತಿಗೆದಾರನಾಗಿರುವುದಿಲ್ಲ; ಉಪಗುತ್ತಿಗೆದಾರನಾಗಿರುತ್ತದೆ. 2021ರ ಫೆಬ್ರುವರಿಯಲ್ಲಿ 83 ತೇಜಸ್ ವಿಮಾನಗಳಿಗಾಗಿ ಎಚ್‌ಎಎಲ್ ಜೊತೆ ಒಪ್ಪಂದವಾದಾಗ, ಸಣ್ಣ ಉದ್ಯಮಗಳೂ ಸೇರಿದಂತೆ ಸುಮಾರು 500 ಭಾರತೀಯ ಕಂಪನಿಗಳು ಈ ಕಾರ್ಯದಲ್ಲಿ ಪಾಲ್ಗೊಳ್ಳಲಿವೆ ಎಂದು ಸರ್ಕಾರ ತಿಳಿಸಿತ್ತು. ಗುತ್ತಿಗೆದಾರರು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ನೀಡುವ ಉಪಗುತ್ತಿಗೆಯನ್ನು 2012ರ ಆದೇಶವು ಅಂತಹ ಉದ್ಯಮಗಳಿಂದ ಮಾಡಿದ ಖರೀದಿಯೆಂದೇ ಪರಿಗಣಿಸುತ್ತದೆ.

== ನೆರವಿನ ಸಂಸ್ಥೆಗಳು ಮತ್ತು ಯೋಜನೆಗಳು ==

ಶೇ. 4ರ ಉಪಗುರಿಯನ್ನು ತಲುಪಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು ರಾಷ್ಟ್ರೀಯ ಪರಿಶಿಷ್ಟ ಜಾತಿ-ಪರಿಶಿಷ್ಟ ಪಂಗಡ ಹಬ್ ಎಂಬ ಯೋಜನೆಯನ್ನು ರೂಪಿಸಿತು. ಪ್ರಧಾನಿ ನರೇಂದ್ರ ಮೋದಿ ಅವರು 2016ರ ಅಕ್ಟೋಬರ್ 18ರಂದು ಲುಧಿಯಾನದಲ್ಲಿ ಇದಕ್ಕೆ ಚಾಲನೆ ನೀಡಿದರು. ಯೋಜನೆಯ ಅನುಷ್ಠಾನ ಎನ್‌ಎಸ್‌ಐಸಿಯ ಹೊಣೆ. ಯಂತ್ರೋಪಕರಣ ಖರೀದಿಗೆ ಶೇ. 25ರ ಸಹಾಯಧನ (ಗರಿಷ್ಠ 25 ಲಕ್ಷ ರೂಪಾಯಿ), ಉತ್ಪನ್ನಗಳ ಪರೀಕ್ಷಾ ಶುಲ್ಕ ಮತ್ತು ಬ್ಯಾಂಕ್ ಗ್ಯಾರಂಟಿ ಶುಲ್ಕಗಳ ಭಾಗಶಃ ಮರುಪಾವತಿ, ಟೆಂಡರ್ ತುಂಬುವ ತರಬೇತಿ ಹಾಗೂ ಸರಬರಾಜುದಾರರ ಸಮಾವೇಶಗಳು ಇದರ ಭಾಗಗಳಾಗಿವೆ.

ಬಂಡವಾಳಕ್ಕೆ ಸಂಬಂಧಿಸಿದ ಇತರ ಯೋಜನೆಗಳೂ ಇವೆ. 2016ರ ಏಪ್ರಿಲ್ 5ರಂದು ಆರಂಭವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯು ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳಾ ಉದ್ಯಮಿಗಳಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಸಾಲ ಒದಗಿಸುವುದಕ್ಕಾಗಿ ರೂಪುಗೊಂಡಿತು. ಮೇಲಾಧಾರವಿಲ್ಲದ ಸಾಲಕ್ಕೆ ಸಾಲ ಖಾತರಿ ನಿಧಿ ಟ್ರಸ್ಟ್ ಹೊಣೆ ನಿಲ್ಲುತ್ತದೆ. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯು ಪರಿಶಿಷ್ಟ ಉದ್ಯಮಿಗಳಿಗೆ ಬಡ್ಡಿ ಸಹಾಯಧನದೊಂದಿಗೆ ಸಾಲ ನೀಡುತ್ತದೆ. ಹೊಸ ತಂತ್ರಜ್ಞಾನ ರೂಪಿಸುವ ನವೋದ್ಯಮಗಳಿಗೆ ರಕ್ಷಣಾ ಸಚಿವಾಲಯವು 2018ರಲ್ಲಿ ಆರಂಭಿಸಿದ ಐಡೆಕ್ಸ್ ಯೋಜನೆಯಿಂದ ಅನುದಾನ ದೊರೆಯುತ್ತದೆ.

== ಕರ್ನಾಟಕದಲ್ಲಿ ==

=== ರಕ್ಷಣಾ ಉದ್ಯಮದ ನೆಲೆ ===

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯೇ ಇಂದಿನ ಎಚ್‌ಎಎಲ್‌ನ ಮೂಲ. 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಸ್ಥಾಪನೆಯಾದವು. ಇವುಗಳ ಸುತ್ತ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಬಿಡಿಭಾಗ ತಯಾರಿಸುವ ನೂರಾರು ಸಣ್ಣ ಘಟಕಗಳು ಬೆಳೆದವು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಬೆಳಗಾವಿ ಮತ್ತು ದೇವನಹಳ್ಳಿಗಳಲ್ಲಿಯೂ ವೈಮಾಂತರಿಕ್ಷ ಉದ್ಯಮ ನೆಲೆಗೊಂಡಿದೆ. ಈ ನಕ್ಷೆಯಲ್ಲಿ ಕಲ್ಯಾಣ ಕರ್ನಾಟಕದ ಪಾಲು ತೀರ ಕಡಿಮೆ.

=== ರಾಜ್ಯದ ಕಾಯ್ದೆ ಮತ್ತು ಕೇಂದ್ರದ ಆದೇಶ ===

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ತಿದ್ದುಪಡಿ ತಂದು ರಾಜ್ಯ ಸರ್ಕಾರವು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95ರಷ್ಟು ಮೀಸಲಾತಿ ಕಲ್ಪಿಸಿತು. 2023ರಲ್ಲಿ ಈ ಮಿತಿಯನ್ನು 1 ಕೋಟಿ ರೂಪಾಯಿಗೆ ಏರಿಸಲಾಯಿತು. ಮಿತಿಯನ್ನು 2 ಕೋಟಿಗೆ ಹೆಚ್ಚಿಸುವ ಮತ್ತು ಇತರ ವರ್ಗಗಳಿಗೂ ವಿಸ್ತರಿಸುವ ಮಸೂದೆಯನ್ನು 2025ರಲ್ಲಿ ವಿಧಾನಮಂಡಲ ಅಂಗೀಕರಿಸಿತು; ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು.

ಈ ಕಾಯ್ದೆ ರಾಜ್ಯ ಸರ್ಕಾರದ ಸಂಗ್ರಹಣೆಗಳಿಗೆ ಮಾತ್ರ ಅನ್ವಯಿಸುತ್ತದೆ. ಲೋಕೋಪಯೋಗಿ ಇಲಾಖೆಯ ರಸ್ತೆ ಕಾಮಗಾರಿಗೆ ಸಿಗುವ ಮೀಸಲಾತಿ ವಾಯುಪಡೆಯ ನೆಲೆಯೊಳಗಿನ ಕಟ್ಟಡದ ಕಾಮಗಾರಿಗೆ ಸಿಗದು. ಎರಡರ ಸ್ವರೂಪವೂ ಬೇರೆ. ರಾಜ್ಯದ ಕಾಯ್ದೆಯಲ್ಲಿ ನಿರ್ದಿಷ್ಟ ಕಾಮಗಾರಿಗಳನ್ನೇ ಪ್ರತ್ಯೇಕಿಸಿ ಮೀಸಲಿಡಲಾಗುತ್ತದೆ, ಅವುಗಳಿಗೆ ಆ ವರ್ಗದವರಷ್ಟೇ ಸ್ಪರ್ಧಿಸುತ್ತಾರೆ. ಕೇಂದ್ರದ ಆದೇಶದಲ್ಲಿ ಇಲಾಖೆಗೆ ವಾರ್ಷಿಕ ಗುರಿ ಇರುತ್ತದೆಯೇ ಹೊರತು ಪ್ರತಿ ಟೆಂಡರ್‌ನಲ್ಲಿ ಗೆಲುವಿನ ಭರವಸೆ ಇರುವುದಿಲ್ಲ. ಜೊತೆಗೆ, ಕಾಮಗಾರಿ ಗುತ್ತಿಗೆಗಳು ಕೇಂದ್ರದ ಈ ಆದೇಶದ ವ್ಯಾಪ್ತಿಗೆ ಬರುವುದಿಲ್ಲ. ಸಂವಿಧಾನದ 371-ಜೆ ವಿಧಿಯು ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ ಮತ್ತು ರಾಜ್ಯದ ಉದ್ಯೋಗಗಳಲ್ಲಿ ವಿಶೇಷ ಅವಕಾಶ ನೀಡುತ್ತದೆ. ಅದು ಕೇಂದ್ರದ ಖರೀದಿಗೆ ಸಂಬಂಧಿಸಿದ್ದಲ್ಲ.

=== ಬೀದರ್ ಜಿಲ್ಲೆ ===

ಬೀದರ್ ನಗರದಲ್ಲಿ ಭಾರತೀಯ ವಾಯುಪಡೆಯ ಪ್ರಮುಖ ತರಬೇತಿ ನೆಲೆಯಿದೆ. ಹಾಕ್ ತರಬೇತಿ ವಿಮಾನಗಳು ಇಲ್ಲಿವೆ. ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡದ ನೆಲೆಯೂ ಇದೇ. ಜಿಲ್ಲೆಯ ಜನರಿಗೆ ರಕ್ಷಣಾ ಇಲಾಖೆಯು ಹೀಗೆ ದಿನವೂ ಕಣ್ಣಿಗೆ ಬೀಳುವ ಸಂಗತಿ. ಆದರೆ ವಾಯುನೆಲೆ ಉತ್ಪಾದನಾ ಕೇಂದ್ರವಲ್ಲ. ಅಲ್ಲಿನ ವಿಮಾನಗಳ ಬಿಡಿಭಾಗಗಳ ಖರೀದಿ ಸ್ಥಳೀಯವಾಗಿ ನಡೆಯುವುದಿಲ್ಲ. ಸ್ಥಳೀಯ ಉದ್ಯಮಗಳಿಗೆ ಎಟುಕುವಂತಹವು ಮುಖ್ಯವಾಗಿ ನಿರ್ವಹಣಾ ಸೇವೆಗಳು, ಸಾಮಾನ್ಯ ಸಾಮಗ್ರಿಗಳ ಸರಬರಾಜು ಮತ್ತು ಮಿಲಿಟರಿ ಎಂಜಿನಿಯರಿಂಗ್ ಸರ್ವಿಸಸ್ ಮೂಲಕ ನಡೆಯುವ ಕಟ್ಟಡ ಹಾಗೂ ದುರಸ್ತಿ ಕಾಮಗಾರಿಗಳು. ಕಾಮಗಾರಿಗಳಿಗೆ ಆ ಸಂಸ್ಥೆಯಲ್ಲಿ ಗುತ್ತಿಗೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ.

ಭೌಗೋಳಿಕವಾಗಿ ನೋಡಿದರೆ ಬೀದರ್‌ಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಎದ್ದುಮೈಲಾರಂನಲ್ಲಿರುವ ಮೆದಕ್ ಆರ್ಡ್‌ನನ್ಸ್ ಕಾರ್ಖಾನೆ ಮತ್ತು ಭಾನೂರಿನಲ್ಲಿರುವ ಭಾರತ್ ಡೈನಾಮಿಕ್ಸ್ ಘಟಕಗಳು ಬೀದರ್‌ಗೆ ಸಮೀಪದ ರಕ್ಷಣಾ ಉತ್ಪಾದನಾ ಕೇಂದ್ರಗಳು. ಕೇಂದ್ರದ ಖರೀದಿ ನೀತಿಗೆ ರಾಜ್ಯದ ಗಡಿಯಿಲ್ಲ. ಆದುದರಿಂದ ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಘಟಕವೂ ಅಲ್ಲಿನ ಟೆಂಡರ್‌ಗಳಲ್ಲಿ ಸಮಾನ ಹಕ್ಕಿನಿಂದ ಭಾಗವಹಿಸಬಹುದು.

ಔರಾದ ತಾಲ್ಲೂಕಿನ ಎಕಂಬಾದಂತಹ ಗ್ರಾಮಗಳ ಅಥವಾ ಭಾಲ್ಕಿ ಪಟ್ಟಣದ ಯುವ ಉದ್ಯಮಿಗೆ ತೊಡಕುಗಳು ಬೇರೆ ರೀತಿಯವು. ಮುಖ್ಯ ಟೆಂಡರ್ ದಾಖಲೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಮಾನ್ಯತೆ ಪಡೆದ ಪರೀಕ್ಷಾಲಯಗಳು ದೂರದ ನಗರಗಳಲ್ಲಿವೆ. ಸರಬರಾಜುದಾರರ ಸಮಾವೇಶಗಳು ಹೆಚ್ಚಾಗಿ ಬೆಂಗಳೂರಿನಲ್ಲಿ ನಡೆಯುತ್ತವೆ. ಜಿಲ್ಲಾ ಮಟ್ಟದಲ್ಲಿ ಮೊದಲು ಸಂಪರ್ಕಿಸಬಹುದಾದ ಕಚೇರಿಯೆಂದರೆ ಬೀದರ್‌ನ ಜಿಲ್ಲಾ ಕೈಗಾರಿಕಾ ಕೇಂದ್ರ. ಯಂತ್ರಕೌಶಲದ ತರಬೇತಿಗೆ ಕಲಬುರಗಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ.

== ಗುತ್ತಿಗೆ ಪಡೆಯುವ ಹಂತಗಳು ==

ಸಣ್ಣ ಉದ್ಯಮವೊಂದು ರಕ್ಷಣಾ ಖರೀದಿಯಲ್ಲಿ ತೊಡಗುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

# ಉದ್ಯಮ್ ನೋಂದಣಿ. ಆಧಾರ್, ಪ್ಯಾನ್ ಹಾಗೂ ಅನ್ವಯವಾಗುವಲ್ಲಿ ಜಿಎಸ್‌ಟಿ ಸಂಖ್ಯೆ ಬೇಕು. ಮಾಲೀಕರ ಸಾಮಾಜಿಕ ವರ್ಗವನ್ನು ಇಲ್ಲಿ ಸರಿಯಾಗಿ ನಮೂದಿಸುವುದು ಮುಖ್ಯ.
# ಜಾತಿ ಪ್ರಮಾಣಪತ್ರ. ತಹಶೀಲ್ದಾರರಿಂದ ಪಡೆದ ಪ್ರಮಾಣಪತ್ರದಲ್ಲಿನ ಹೆಸರು ಉದ್ಯಮದ ದಾಖಲೆಗಳೊಂದಿಗೆ ಹೊಂದಿಕೆಯಾಗಬೇಕು.
# ಸರ್ಕಾರಿ ಇ-ಮಾರುಕಟ್ಟೆಯಲ್ಲಿ ಮಾರಾಟಗಾರರಾಗಿ ನೋಂದಣಿ. 2016ರ ಆಗಸ್ಟ್‌ನಲ್ಲಿ ಆರಂಭವಾದ, ಜೆಮ್ ಎಂದು ಕರೆಯಲಾಗುವ ಈ ಪೋರ್ಟಲ್‌ನಲ್ಲಿ ದೊರೆಯುವ ಸಾಮಾನ್ಯ ಸರಕು ಮತ್ತು ಸೇವೆಗಳನ್ನು ಕೇಂದ್ರದ ಇಲಾಖೆಗಳು ಅಲ್ಲಿಂದಲೇ ಕೊಳ್ಳಬೇಕು.
# ಎನ್‌ಎಸ್‌ಐಸಿಯ ಏಕಗವಾಕ್ಷಿ ನೋಂದಣಿ. ಕಡ್ಡಾಯವಲ್ಲದಿದ್ದರೂ ಘಟಕದ ಸಾಮರ್ಥ್ಯಕ್ಕೆ ಇದು ಸಾಕ್ಷಿಯಾಗುತ್ತದೆ.
# ರಕ್ಷಣಾ ಉದ್ದಿಮೆಗಳ ಸರಬರಾಜುದಾರರ ಪಟ್ಟಿಗೆ ಸೇರ್ಪಡೆ. ಎಚ್‌ಎಎಲ್, ಬಿಇಎಲ್ ಮೊದಲಾದವು ಪ್ರತ್ಯೇಕ ನೋಂದಣಿ ನಡೆಸುತ್ತವೆ.
# ಗುಣಮಟ್ಟದ ಪ್ರಮಾಣೀಕರಣ. ಸಾಮಾನ್ಯ ಸರಬರಾಜಿಗೆ ಐಎಸ್‌ಒ 9001, ವೈಮಾನಿಕ ಬಿಡಿಭಾಗಗಳಿಗೆ ಎಎಸ್ 9100 ಮಾನದಂಡಗಳನ್ನು ಕೇಳಲಾಗುತ್ತದೆ.
# ಅವಕಾಶಗಳ ಹುಡುಕಾಟ. ದೇಶೀಯವಾಗಿ ತಯಾರಾಗಬೇಕಿರುವ ಬಿಡಿಭಾಗಗಳ ವಿವರಗಳು 2020ರಲ್ಲಿ ಆರಂಭವಾದ ಸೃಜನ್ ಪೋರ್ಟಲ್‌ನಲ್ಲಿ ಲಭ್ಯವಿರುತ್ತವೆ.

ಹೊಸ ಘಟಕಗಳು ಜೆಮ್‌ನ ಸಣ್ಣ ಆದೇಶಗಳಿಂದ ಅಥವಾ ಈಗಾಗಲೇ ಸರಬರಾಜು ಮಾಡುತ್ತಿರುವ ದೊಡ್ಡ ಘಟಕದ ಉಪಗುತ್ತಿಗೆಯಿಂದ ಆರಂಭಿಸುವುದು ರೂಢಿ. ಹಾಗೆ ದೊರೆತ ಪೂರೈಕೆಯ ದಾಖಲೆಯೇ ಮುಂದಿನ ಟೆಂಡರ್‌ಗೆ ಅನುಭವದ ಆಧಾರವಾಗುತ್ತದೆ.

== ಹಣ ಪಾವತಿ ==

ಸಣ್ಣ ಉದ್ಯಮಕ್ಕೆ ಗುತ್ತಿಗೆ ಸಿಗುವುದು ಎಷ್ಟು ಮುಖ್ಯವೋ ಹಣ ಸಕಾಲದಲ್ಲಿ ಕೈಸೇರುವುದೂ ಅಷ್ಟೇ ಮುಖ್ಯ. 2006ರ ಅಧಿನಿಯಮದ 15ನೆಯ ಪ್ರಕರಣದಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ತೆರಬೇಕು. ವಿವಾದವನ್ನು 18ನೆಯ ಪ್ರಕರಣದಡಿ ರಾಜ್ಯದ ಸೌಲಭ್ಯ ಮಂಡಳಿಗೆ ಒಯ್ಯಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸುವ ಖರೀದಿದಾರರು ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿಯಿಡಬೇಕು. 2017ರ ಅಕ್ಟೋಬರ್ 30ರಂದು ಆರಂಭವಾದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಬಿಲ್ಲುಗಳನ್ನು ಟ್ರೆಡ್ಸ್ ವೇದಿಕೆಯಲ್ಲಿ ಹಾಕಿ, ಬ್ಯಾಂಕುಗಳಿಂದ ಅವಧಿಗೆ ಮುಂಚೆ ಹಣ ಪಡೆಯುವ ವ್ಯವಸ್ಥೆಯೂ ಇದೆ.

ಕಾನೂನು ಇಷ್ಟು ಬಿಗಿಯಾಗಿದ್ದರೂ, ಮುಂದಿನ ಆದೇಶಕ್ಕಾಗಿ ಅದೇ ಖರೀದಿದಾರರನ್ನು ಅವಲಂಬಿಸಿರುವ ಸಣ್ಣ ಘಟಕಕ್ಕೆ ದೂರು ನೀಡುವುದು ಸುಲಭವಲ್ಲ. ಉಪಗುತ್ತಿಗೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು; ಮೇಲಿನ ಗುತ್ತಿಗೆದಾರರು ತಮಗೆ ಹಣ ಬಂದಿಲ್ಲವೆಂಬ ಕಾರಣ ಮುಂದಿಡುವುದುಂಟು.

== ಅಮೆರಿಕದೊಂದಿಗೆ ಹೋಲಿಕೆ ==

ಅಮೆರಿಕದ 1953ರ ಸಣ್ಣ ಉದ್ಯಮಗಳ ಕಾಯ್ದೆಯ 8(ಎ) ಪ್ರಕರಣದಡಿ ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದವರ ಉದ್ಯಮಗಳಿಗೆ ಒಂಬತ್ತು ವರ್ಷಗಳ ಅಭಿವೃದ್ಧಿ ಕಾರ್ಯಕ್ರಮವಿದೆ. ಅಲ್ಲಿಯೂ ಕನಿಷ್ಠ ಶೇ. 51ರ ಒಡೆತನದ ನಿಯಮವಿದೆ. ಭಾರತದ ವ್ಯವಸ್ಥೆಯಲ್ಲಿ ಇಲ್ಲದ ಎರಡು ಅಂಶಗಳನ್ನು ಅಲ್ಲಿ ಕಾಣಬಹುದು. ಮೊದಲನೆಯದು, ಅರ್ಹ ಉದ್ಯಮಕ್ಕೆ ಕೆಲವು ಗುತ್ತಿಗೆಗಳನ್ನು ಸ್ಪರ್ಧೆಯಿಲ್ಲದೆ ನೇರವಾಗಿ ನೀಡುವ ಅವಕಾಶ. ಎರಡನೆಯದು, ಅಮೆರಿಕದ ರಕ್ಷಣಾ ಇಲಾಖೆಯು 1990ರಿಂದ ನಡೆಸುತ್ತಿರುವ ಮಾರ್ಗದರ್ಶಿ-ಶಿಷ್ಯ ಕಾರ್ಯಕ್ರಮ. ಇದರಲ್ಲಿ ದೊಡ್ಡ ರಕ್ಷಣಾ ಕಂಪನಿಯೊಂದು ಸಣ್ಣ ಉದ್ಯಮಕ್ಕೆ ತಾಂತ್ರಿಕ ಮತ್ತು ಆಡಳಿತಾತ್ಮಕ ತರಬೇತಿ ನೀಡುತ್ತದೆ. ಟೆಂಡರ್ ಪ್ರಕ್ರಿಯೆಯಲ್ಲಿ ನೆರವಾಗುವ ಸ್ಥಳೀಯ ಸಲಹಾ ಕೇಂದ್ರಗಳ ಜಾಲವನ್ನು ಅದೇ ಇಲಾಖೆ ನೋಡಿಕೊಳ್ಳುತ್ತದೆ. ಈಗ ಅವಕ್ಕೆ ಅಪೆಕ್ಸ್ ಆಕ್ಸಿಲರೇಟರ್ ಎಂಬ ಹೆಸರಿದೆ.

ಅಲ್ಲಿನ ವ್ಯವಸ್ಥೆಯೂ ವಿವಾದಮುಕ್ತವಲ್ಲ. ಕೆಲವು ಜನಾಂಗಗಳವರನ್ನು ಹಿಂದುಳಿದವರೆಂದು ಸಹಜವಾಗಿ ಭಾವಿಸುವ ಕ್ರಮವನ್ನು 2023ರ ಜುಲೈನಲ್ಲಿ ಟೆನೆಸ್ಸಿಯ ಫೆಡರಲ್ ನ್ಯಾಯಾಲಯವೊಂದು ತಡೆಯಿತು. ಅಂದಿನಿಂದ ಪ್ರತಿಯೊಬ್ಬ ಅರ್ಜಿದಾರರೂ ತಾವು ಅನುಭವಿಸಿದ ಸಾಮಾಜಿಕ ಅನನುಕೂಲವನ್ನು ತಾವೇ ನಿರೂಪಿಸಬೇಕಾಯಿತು. ಭಾರತದಲ್ಲಿ ಸಂವಿಧಾನದ 341 ಮತ್ತು 342ನೆಯ ವಿಧಿಗಳಡಿ ಪ್ರಕಟವಾದ ಪಟ್ಟಿಯೇ ಆಧಾರವಾಗಿರುವುದರಿಂದ ಇಂತಹ ನಿರೂಪಣೆಯ ಅಗತ್ಯವಿಲ್ಲ.

== ಮೌಲ್ಯಮಾಪನ ಮತ್ತು ಟೀಕೆ ==

2017ರ ಡಿಸೆಂಬರ್‌ನಲ್ಲಿ ಆರಂಭವಾದ ಸಂಬಂಧ್ ಪೋರ್ಟಲ್ ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳ ಖರೀದಿಯ ವಿವರಗಳನ್ನು ಪ್ರಕಟಿಸುತ್ತದೆ. ಶೇ. 25ರ ಒಟ್ಟು ಗುರಿಯನ್ನು ಇತ್ತೀಚಿನ ವರ್ಷಗಳಲ್ಲಿ ಸಾಧಿಸಲಾಗಿದೆ, ಮೀರಲಾಗಿದೆ. ಪರಿಶಿಷ್ಟರ ಶೇ. 4ರ ಉಪಗುರಿಯಲ್ಲಿ ಸಾಧನೆ ಮಾತ್ರ ಗುರಿಗಿಂತ ಬಹಳ ಕೆಳಗಿದೆ.

ಇದಕ್ಕೆ ಆದೇಶದೊಳಗೇ ಒಂದು ಕಾರಣವಿದೆ. ಪರಿಶಿಷ್ಟರ ಉದ್ಯಮಗಳು ಟೆಂಡರ್‌ನಲ್ಲಿ ಭಾಗವಹಿಸದಿದ್ದರೆ ಅಥವಾ ಷರತ್ತು ಮತ್ತು ದರಗಳನ್ನು ಪೂರೈಸದಿದ್ದರೆ, ಆ ಶೇ. 4ರ ಭಾಗವನ್ನು ಇತರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ತುಂಬಿಕೊಳ್ಳಬಹುದು. ಹೀಗಾಗಿ ಉಪಗುರಿ ತಪ್ಪಿದರೂ ಇಲಾಖೆಯ ಒಟ್ಟು ಗುರಿಗೆ ಕೊರತೆಯಾಗುವುದಿಲ್ಲ. ಪೂರೈಸದ ಪಾಲನ್ನು ಮುಂದಿನ ವರ್ಷಕ್ಕೆ ಸೇರಿಸುವ ಕ್ರಮವೂ ಇಲ್ಲ. ಉದ್ಯೋಗ ಮೀಸಲಾತಿಯಲ್ಲಿ ತುಂಬದ ಹುದ್ದೆಗಳನ್ನು ಬಾಕಿ ಹುದ್ದೆಗಳೆಂದು ಮುಂದುವರಿಸುವ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಖರೀದಿ ಅಧಿಕಾರಿಗಳ ಕಡೆಯ ವಾದಕ್ಕೂ ಆಧಾರವಿದೆ. ರಕ್ಷಣಾ ಸಾಮಗ್ರಿಯ ಗುಣಮಟ್ಟದಲ್ಲಿ ರಾಜಿ ಸಾಧ್ಯವಿಲ್ಲ. ಅಗತ್ಯ ವಸ್ತುವನ್ನು ತಯಾರಿಸುವ ಪರಿಶಿಷ್ಟ ಉದ್ಯಮವೇ ಇಲ್ಲದಿದ್ದಾಗ ಉಪಗುರಿ ಪೂರೈಸುವುದು ಅವರ ಕೈಯಲ್ಲಿರುವುದಿಲ್ಲ. ಆದೇಶವು ಈ ಕೊರತೆಯನ್ನು ನಿರೀಕ್ಷಿಸಿಯೇ, ಪರಿಶಿಷ್ಟ ಉದ್ಯಮಿಗಳಿಗಾಗಿ ವಿಶೇಷ ಸರಬರಾಜುದಾರ ಅಭಿವೃದ್ಧಿ ಕಾರ್ಯಕ್ರಮಗಳನ್ನು ನಡೆಸಬೇಕೆಂದು ಇಲಾಖೆಗಳಿಗೆ ಸೂಚಿಸಿದೆ. ಇಂತಹ ಕಾರ್ಯಕ್ರಮಗಳು ಮಹಾನಗರಗಳಿಗೆ ಸೀಮಿತವಾಗಿರುವಷ್ಟು ಕಾಲ ಔರಾದ, ಭಾಲ್ಕಿಗಳಂತಹ ತಾಲ್ಲೂಕುಗಳಲ್ಲಿ ಅರ್ಹ ಉದ್ಯಮಗಳು ಹುಟ್ಟುವುದು ಕಷ್ಟ.

ಬೇನಾಮಿ ಒಡೆತನ ಮತ್ತೊಂದು ಆತಂಕ. ದಾಖಲೆಯಲ್ಲಿ ಪರಿಶಿಷ್ಟ ವ್ಯಕ್ತಿಯ ಹೆಸರಿದ್ದು, ಬಂಡವಾಳ ಮತ್ತು ನಿರ್ಧಾರಗಳು ಬೇರೆಯವರ ಕೈಯಲ್ಲಿರುವ ಸಾಧ್ಯತೆಯನ್ನು ಶೇ. 51ರ ನಿಯಮವೊಂದೇ ತಡೆಯಲಾರದು. ಹೆಸರು ಕೊಟ್ಟವರ ಮೇಲೆಯೇ ಸಾಲ, ತೆರಿಗೆ ಮತ್ತು ಕಪ್ಪುಪಟ್ಟಿಯ ಹೊಣೆ ಬೀಳುವುದರಿಂದ ಇಂತಹ ವ್ಯವಸ್ಥೆ ನೀತಿಯ ಉದ್ದೇಶಕ್ಕೂ ಆ ವ್ಯಕ್ತಿಗೂ ಹಾನಿಕರ.

== ಇವನ್ನೂ ನೋಡಿ ==

* ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್
* ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್
* ಬೀದರ್ ವಾಯುಪಡೆ ನೆಲೆ
* ಕಲ್ಯಾಣ ಕರ್ನಾಟಕ
* ಭಾರತದಲ್ಲಿ ಮೀಸಲಾತಿ